ಜನ ಅಷ್ಟೇ, ಕಸ ಕಮ್ಮಿ

ಪರಿಸರಸ್ನೇಹಿ ರಿಸೆಪ್ಷನ್ ಅಂತ ಫೋನಿನಲ್ಲಿ ಹುಡುಕಿದರೆ ಮೊದಲು ಸಿಗೋದು ಅಂಗಡಿಗಳು. ಬೀಜ ಹುದುಗಿಸಿದ ಕಾಗದದ ಲಗ್ನಪತ್ರಿಕೆ, ಬಿದಿರಿನ ಸ್ಟ್ರಾ, ಸೆಣಬಿನ ಚೀಲ, ಬಂದವರಿಗೆ ಕೊಡೋಕೆ ಪುಟ್ಟ ಗಿಡ. ನನ್ನ ಮದುವೆ ಗೊತ್ತಾದಾಗ ಒಬ್ಬ ಈವೆಂಟ್‌ನವರು ಇದನ್ನೆಲ್ಲ ಸೇರಿಸಿ ಒಂದು 'ಗ್ರೀನ್ ಪ್ಯಾಕೇಜ್' ಮುಂದಿಟ್ಟರು. ಮಾಮೂಲಿಗಿಂತ ಒಂದೂವರೆ ಪಟ್ಟು ರೇಟು. ಗಿಡಗಳು ಬರೋದು ಪ್ಲಾಸ್ಟಿಕ್ ಕುಂಡದಲ್ಲಿ, ಅದರ ಮೇಲೊಂದು ಪ್ಲಾಸ್ಟಿಕ್ ಕವರ್ ಬೇರೆ! ಹಸಿರು ಮದುವೆ ಅಂದರೆ ಇನ್ನಷ್ಟು ಸಾಮಾನು ಕೊಳ್ಳೋದಾ ಅಂತ ನಾವಿಬ್ಬರೂ ಮುಖ ಮುಖ ನೋಡಿಕೊಂಡ್ವಿ.

ನಾವಿಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡೋರು. ಸೀಸನ್‌ನಲ್ಲಿ ವಾರಕ್ಕೊಂದು ಮದುವೆಯ ಊಟ ಇದ್ದೇ ಇರುತ್ತೆ. ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳು, ಮುಟ್ಟದೇ ಬಿಟ್ಟ ಮೂರು ಥರದ ಸ್ವೀಟು ನೀವೂ ನೋಡಿರುತ್ತೀರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರ ಸುಮಾರಿಗೆ ಲೆಕ್ಕ ಹಾಕಿದ ಪ್ರಕಾರ ನಗರದ ಕಲ್ಯಾಣ ಮಂಟಪಗಳಲ್ಲಿ ವರ್ಷಕ್ಕೆ 943 ಟನ್ ಊಟ ವ್ಯರ್ಥವಾಗುತ್ತಿತ್ತು. ಆಗಿನಿಂದ ಮೆನು ಉದ್ದ ಆಗಿದೆಯೇ ಹೊರತು ಗಿಡ್ಡ ಆಗಿಲ್ಲ.

ನನ್ನವರ ಪರಿಹಾರ ಸರಳವಾಗಿತ್ತು. ಐವತ್ತು ಜನ ಸಾಕು. ಕುವೆಂಪು ಅವರ ಮಂತ್ರ ಮಾಂಗಲ್ಯ ಇದೆಯಲ್ಲ, 1966ರಲ್ಲೇ ಮಗ ತೇಜಸ್ವಿಯವರ ಮದುವೆಯನ್ನು ಆಡಂಬರ ಇಲ್ಲದೆ ಮಾಡಿ ತೋರಿಸಿದ್ದಾರೆ, ನಾವೂ ಹಾಗೇ ಮಾಡೋಣ ಅಂದರು. ನನಗೂ ಇಷ್ಟವಾಯಿತು. ತಿಪಟೂರಿಗೆ ಹೋಗಿ ಅಪ್ಪನ ಮುಂದೆ ವಿಷಯ ಇಟ್ಟೆ.

ಅಪ್ಪ ಬೈಯಲಿಲ್ಲ. ಒಳಗೆ ಹೋಗಿ ಒಂದು ಹಳೇ ನೋಟ್‌ಬುಕ್ ತಂದರು. ಅದು ಮುಯ್ಯಿ ಪುಸ್ತಕ. ಯಾರ ಮದುವೆಗೆ ಯಾವಾಗ ಹೋಗಿದ್ದು, ಏನು ಮುಯ್ಯಿ ಮಾಡಿದ್ದು, ಅವರು ನಮ್ಮ ಗೃಹಪ್ರವೇಶಕ್ಕೆ ಬಂದು ಏನು ಕೊಟ್ಟಿದ್ದು, ಎಲ್ಲ ಅದರಲ್ಲಿದೆ. "ಮೂವತ್ತು ವರ್ಷ ಇವರೆಲ್ಲರ ಮನೇಲಿ ಎಲೆ ಮುಂದೆ ಕೂತು ಉಂಡಿದೀನಿ ಕಣಮ್ಮ. ಈಗ ಪರಿಸರ ಅಂತ ಹೇಳಿ ಇವರನ್ನ ಬಿಡು ಅಂತೀಯಾ?" ಅಂದರು. ಅಮ್ಮನ ಚಿಂತೆ ಇನ್ನೊಂದು. "ಹೆಣ್ಣಿನ ಕಡೆಯೋರು ಕೈ ಬಿಗಿ ಮಾಡಿದ್ರು ಅಂತ ಮಾತು ಬಂದ್ರೆ ನಿನಗೆ ಬರಲ್ಲ, ನಮಗೆ ಬರುತ್ತೆ."

ಎರಡು ವಾರ ಫೋನಿನಲ್ಲಿ ಇದೇ ಮಾತು. ಅಪ್ಪನ ಪುಸ್ತಕದಲ್ಲಿದ್ದದ್ದು ದುಡ್ಡಿನ ಲೆಕ್ಕ ಮಾತ್ರ ಅಲ್ಲ, ಊರಿನೊಳಗೆ ಅವರು ಬದುಕಿದ ರೀತಿ. ಅದನ್ನು ಕತ್ತರಿಸಿ ಭೂಮಿ ಉಳಿಸ್ತೀನಿ ಅನ್ನೋದು ನನ್ನ ಕೈಲಾಗುವ ಮಾತಲ್ಲ. ಕೊನೆಗೆ ಮೂವರೂ ಒಪ್ಪಿದ ಷರತ್ತು ಇದು: ಜನ ಒಬ್ಬರೂ ಕಮ್ಮಿ ಆಗಲ್ಲ, ಉಳಿದದ್ದರಲ್ಲಿ ಏನು ಬೇಕಾದರೂ ಕಮ್ಮಿ ಮಾಡಬಹುದು. ಪಟ್ಟಿ ಆರು ನೂರಕ್ಕೆ ನಿಂತಿತು.

ಮೊದಲು ಕತ್ತರಿಸಿದ್ದು ಸಂಜೆಯನ್ನು. ನಮ್ಮ ಕಡೆ ಆರತಕ್ಷತೆ ಮುಹೂರ್ತದ ಹಿಂದಿನ ರಾತ್ರಿ. ಅಂದರೆ ರಾತ್ರಿ ಊಟ, ಬೆಳಗ್ಗೆ ತಿಂಡಿ, ಮತ್ತೆ ಮಧ್ಯಾಹ್ನದ ಊಟ. ಸೀರಿಯಲ್ ಸೆಟ್, ಜನರೇಟರ್, ಎರಡು ಸಲ ಓಡಾಡುವ ಗಾಡಿಗಳು. ನಾವು ಬೆಳಗ್ಗೆ ಮುಹೂರ್ತ, ಅದು ಮುಗಿದ ಮೇಲೆ ಹನ್ನೊಂದೂವರೆಯಿಂದ ಮೂರರವರೆಗೆ ಆರತಕ್ಷತೆ ಅಂತ ಸೇರಿಸಿಬಿಟ್ವಿ. "ಅಂಗಡಿ ಇಟ್ಟಿರೋರು ಹಗಲು ಹೆಂಗೆ ಬರ್ತಾರೆ?" ಅಂತ ಅಪ್ಪ ಕೇಳಿದರು. ಅದಕ್ಕೇ ಭಾನುವಾರ ಹಿಡಿದ್ವಿ. ಭಾನುವಾರದ ಮುಹೂರ್ತಕ್ಕಾಗಿ ಮದುವೆ ಎರಡು ತಿಂಗಳು ಮುಂದೆ ಹೋಯಿತು.

ಆಮೇಲೆ ಊಟ. ಅಡುಗೆ ಕಂಟ್ರಾಕ್ಟರ್ ತಂದ ಮೆನುವಿನಲ್ಲಿ ಇಪ್ಪತ್ತನಾಲ್ಕು ಐಟಂ. ಬಫೆ ಬೇಡ, ಪಂಕ್ತಿ ಊಟ, ಬಾಳೆ ಎಲೆ ಅಂದ್ವಿ. ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಹಪ್ಪಳ, ಉಪ್ಪಿನಕಾಯಿ, ಒಬ್ಬಟ್ಟು, ಅನ್ನ, ಒಬ್ಬಟ್ಟಿನ ಸಾರು, ಮಜ್ಜಿಗೆ, ಬಾಳೆಹಣ್ಣು. ಲೆಕ್ಕ ಹನ್ನೊಂದಕ್ಕೆ ಬಂತು. ಬೇಳೆ ಬೇಯಿಸಿದ ಕಟ್ಟನ್ನೂ ಬಿಡದೆ ಸಾರು ಮಾಡುವ ಅಡುಗೆಗಿಂತ ಪರಿಸರಸ್ನೇಹಿ ಮೆನು ಬೇರೆ ಬೇಕಾ?

ಪಂಕ್ತಿಯಲ್ಲೂ ಊಟ ವ್ಯರ್ಥವಾಗುತ್ತೆ, ಸುಳ್ಳಲ್ಲ. ಮುಂದಿನ ಪಂಕ್ತಿ ಕಾಯ್ತಿದೆ ಅಂತ ಅವಸರದಲ್ಲಿ ಕೇಳದೆ ಸುರಿದು ಹೋಗೋದೇ ಅದಕ್ಕೆ ಕಾರಣ. ಹಾಗಾಗಿ ಬಡಿಸುವ ಹುಡುಗರ ಜೊತೆ ಮೊದಲೇ ಮಾತಾಡಿದ್ವಿ. ಮೊದಲ ಸಲ ಸ್ವಲ್ಪ, ಎರಡನೇ ಸಲ ಕೇಳಿ ಬಡಿಸಿ, ಒಬ್ಬಟ್ಟು ಮಾತ್ರ ಎಷ್ಟು ಸಲ ಬೇಕಾದರೂ ಬರಲಿ. ಇದಕ್ಕೆ ನಾಲ್ಕು ಜನ ಹೆಚ್ಚಿಗೆ ಬೇಕಾದರು, ಕೂಲಿ ಕೊಟ್ವಿ.

ನೀರಿನ ಲೆಕ್ಕ ನನಗೆ ತುಂಬಾ ಇಷ್ಟವಾದದ್ದು. ಕಂಟ್ರಾಕ್ಟರ್ ಬರೆದಿದ್ದು 250 ಎಂ.ಎಲ್.ನ 1,500 ಬಾಟಲಿ. ಗುಣಿಸಿ ನೋಡಿ, 375 ಲೀಟರ್. 20 ಲೀಟರ್ ಕ್ಯಾನ್ ಆದರೆ ಹತ್ತೊಂಬತ್ತು ಸಾಕು. ಇಪ್ಪತ್ತೈದು ತರಿಸಿದ್ವಿ. ಪೇಪರ್ ಲೋಟ ಬೇಡ, ಅದರ ಒಳಗೂ ಪ್ಲಾಸ್ಟಿಕ್ ಪದರ ಇರುತ್ತೆ. ಸ್ಟೀಲ್ ಲೋಟಗಳನ್ನು ಶಾಮಿಯಾನ ಅಂಗಡಿಯಿಂದ ಬಾಡಿಗೆಗೆ ತಂದ್ವಿ. ಆದರೆ ಲೋಟ ತಾನೇ ತೊಳೆದುಕೊಳ್ಳಲ್ಲ. ನಮ್ಮ ಒಳ್ಳೆಯತನದ ಭಾರ ಹಿತ್ತಲಲ್ಲಿ ಕೂತು ಪಾತ್ರೆ ತಿಕ್ಕುವ ಹೆಂಗಸರ ಬೆನ್ನ ಮೇಲೆ ಬೀಳಬಾರದಲ್ಲ? ಇನ್ನೂ ಮೂವರನ್ನು ಕರೆಸಿದ್ವಿ, ಕೂತು ತೊಳೆಯೋಕೆ ನೆರಳು ಮಾಡಿಸಿದ್ವಿ, ಅವರ ಊಟ ಮೊದಲ ಪಂಕ್ತಿಯಲ್ಲೇ ಆಯಿತು.

ಕೆಲವು ವಿಷಯಕ್ಕೆ ವಾದ ಮಾಡುವ ಅಗತ್ಯವೇ ಬರಲಿಲ್ಲ, ಕಾನೂನೇ ಇದೆ. ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ, ಫ್ಲೆಕ್ಸ್, ಪ್ಲಾಸ್ಟಿಕ್ ತಟ್ಟೆ ಲೋಟ ಇವು ಕರ್ನಾಟಕದಲ್ಲಿ 2016ರಿಂದಲೇ ನಿಷೇಧ. ಲಗ್ನಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ. ಪ್ರೆಸ್‌ನವರಿಗೆ ಇದನ್ನು ಹೇಳಿದಾಗ, "ಹೌದಾ ಮೇಡಂ, ಯಾರೂ ಕೇಳಲ್ಲ" ಅಂತ ನಕ್ಕರು. ಹಿರಿಯರ ಮನೆಗೆ ಹಿಡಿದುಕೊಂಡು ಹೋಗೋಕೆ ನೂರು ಪತ್ರಿಕೆ ಮಾತ್ರ ಅಚ್ಚು ಹಾಕಿಸಿ, ಉಳಿದವರಿಗೆ ಫೋನ್ ಮಾಡಿ ಕರೆದು ವಾಟ್ಸಾಪ್‌ನಲ್ಲಿ ಕಳಿಸಿದ್ವಿ. ಬರೀ ಮೆಸೇಜ್ ಹಾಕಿ ಸುಮ್ಮನಾಗಬಾರದು ಅನ್ನೋದು ಅಪ್ಪನ ಹುಕುಂ.

ಸ್ಟೇಜಿಗೆ ನಮ್ಮ ತೋಟದ ತೆಂಗಿನ ಗರಿ, ಬಾಳೆಕಂದು, ಚೆಂಡು ಹೂ, ಸೇವಂತಿಗೆ. ಹೂವಿನ ತೊಟ್ಟು ಚುಚ್ಚೋಕೆ ಹಸಿರು ಸ್ಪಂಜಿನ ಇಟ್ಟಿಗೆ ಬಳಸ್ತಾರಲ್ಲ, ಅದೂ ಒಂಥರಾ ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಕರಗಲ್ಲ. ಅದರ ಬದಲು ಎಲ್ಲವನ್ನೂ ಬಾಳೆದಿಂಡಿಗೆ ಚುಚ್ಚಿದರು.

ತಾಂಬೂಲದ ಚೀಲದ್ದು ಇನ್ನೊಂದು ಕಥೆ. ಬಟ್ಟೆ ಥರ ಕಾಣುವ 'ನಾನ್‌ವೋವನ್' ಚೀಲ ಇದೆಯಲ್ಲ, ಅದು ಪಾಲಿಪ್ರೊಪಿಲೀನ್, ಅಂದರೆ ಅಪ್ಪಟ ಪ್ಲಾಸ್ಟಿಕ್. ನಾವು ಕೋರಾ ಬಟ್ಟೆ ತಂದು ಊರಿನ ಟೈಲರ್ ಹತ್ತಿರ ಹೊಲಿಸಿದ್ವಿ. ತಲೆಗೊಂದಲ್ಲ, ಮನೆಗೊಂದು. ಅಲ್ಲಿಗೆ ಆರುನೂರರ ಬದಲು ಇನ್ನೂರೈವತ್ತಾಯಿತು. ಮೇಲೆ ನಮ್ಮಿಬ್ಬರ ಹೆಸರು ಹಾಕಿಸಲಿಲ್ಲ. ಬೇರೆಯವರ ಮದುವೆ ಹೆಸರು ಹೊತ್ತ ಚೀಲ ಹಿಡಿದು ಸಂತೆಗೆ ಹೋಗೋಕೆ ಯಾರಿಗೆ ಇಷ್ಟ? ಒಳಗೆ ತೋಟದ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ.

ಅವತ್ತು ಬಿದ್ದ ಎಲೆ 612. ಉಳಿಯುವ ಊಟದ ಬಗ್ಗೆ ಹತ್ತಿರದ ಹಾಸ್ಟೆಲಿನ ವಾರ್ಡನ್ ಜೊತೆ ಒಂದು ವಾರ ಮೊದಲೇ ಮಾತಾಡಿದ್ವಿ. ಹಗಲು ಹೊತ್ತು ಆಗಿದ್ದಕ್ಕೆ ಇದು ಸಾಧ್ಯವಾಯಿತು. ರಾತ್ರಿ ಹನ್ನೊಂದಕ್ಕೆ, ಮಕ್ಕಳು ಉಂಡು ಮಲಗಿದ ಮೇಲೆ ಫೋನ್ ಮಾಡಿದರೆ ಯಾರಿಗೂ ಉಪಯೋಗ ಇಲ್ಲ. ಬಡಿಸದೇ ಉಳಿದಿದ್ದ ಅನ್ನ, ಪಲ್ಯ, ಒಬ್ಬಟ್ಟು ಮಾತ್ರ ಮೂರೂವರೆಗೆ ಅಲ್ಲಿಗೆ ಹೋಯಿತು. ಉಂಡ ಎಲೆಗಳು ಗಾಡಿ ಹತ್ತಿ ನಮ್ಮ ತೋಟದ ಗುಂಡಿಗೆ. ಮೇಲೆ ಸಗಣಿ ನೀರು, ತರಗೆಲೆ, ಮಣ್ಣು.

ಎಲ್ಲವೂ ನಾವಂದುಕೊಂಡ ಹಾಗೇ ನಡೆಯಲಿಲ್ಲ. ಕರೆಂಟ್ ಹೋಗಿ ಜನರೇಟರ್ ಮುಕ್ಕಾಲು ಗಂಟೆ ಓಡಿತು. ಉಡುಗೊರೆಗಳ ಮಿರಿಮಿರಿ ಕಾಗದವೇ ಎರಡು ಮೂಟೆ ಆಯಿತು. ಬೆಳಗ್ಗೆ ಎದ್ದು ನೋಡಿದರೆ ಮಂಟಪದ ಗೇಟಿನಲ್ಲಿ ನಮ್ಮಿಬ್ಬರ ಫೋಟೋ ಇರುವ ಹತ್ತಡಿ ಫ್ಲೆಕ್ಸ್, ಕೆಳಗೆ 'ಶುಭ ಕೋರುವವರು' ಅಂತ ದೊಡ್ಡಪ್ಪನ ಮಗ ಮತ್ತು ಗೆಳೆಯರ ಬಳಗ! ಪ್ರೀತಿಯಿಂದ ಕಟ್ಟಿದ್ದನ್ನು ಆ ಹೊತ್ತಲ್ಲಿ ಬಿಚ್ಚಿಸೋದು ಹೇಗೆ?

ಮಾತು ಬಂತಾ? ಬಂತು. "ಒಂದೇ ಸ್ವೀಟಾ?" ಅಂತ ಇಬ್ಬರು ಮೂವರು ಕೇಳಿದರಂತೆ. ಆದರೆ ಅಪ್ಪ ಅವತ್ತು ಸ್ಟೇಜ್ ಪಕ್ಕ ಫೋಟೋಗೆ ನಿಲ್ಲಲಿಲ್ಲ. ಪಂಚೆ ಎತ್ತಿ ಕಟ್ಟಿ, ತುಪ್ಪದ ಗಿಂಡಿ ಹಿಡಿದು ನಾಲ್ಕೂ ಪಂಕ್ತಿ ಓಡಾಡಿದರು. ಮುಯ್ಯಿ ಪುಸ್ತಕದಲ್ಲಿದ್ದ ಒಬ್ಬೊಬ್ಬರ ಎಲೆ ಮುಂದೆಯೂ ಬಗ್ಗಿ, ಹೆಸರು ಹಿಡಿದು ಕರೆದು, ಒಬ್ಬಟ್ಟಿನ ಮೇಲೆ ತುಪ್ಪ ಹಾಕಿದರು. ಬಫೆಯಲ್ಲಿ ಇದಕ್ಕೆ ಜಾಗ ಇರುತ್ತಿರಲಿಲ್ಲ. ಅಮ್ಮನಿಗೆ ಬಂದ ಫೋನುಗಳಲ್ಲಿ ಜನ ಹೆಚ್ಚು ನೆನಪಿಸಿಕೊಂಡಿದ್ದೂ ಅದನ್ನೇ.

ನಿಮ್ಮ ಮನೆಯಲ್ಲೂ ಈ ವರ್ಷ ಮದುವೆ ಇದ್ದರೆ ಹಸಿರು ಸಾಮಾನಿನ ಪಟ್ಟಿ ಮಾಡುವ ಮೊದಲು ಅಪ್ಪ ಅಮ್ಮನ ಜೊತೆ ಕೂತು ಒಂದು ಪ್ರಶ್ನೆ ಕೇಳಿ: ಬಂದವರಿಗೆ ಯಾವುದು ಇಲ್ಲದಿದ್ದರೆ ಮರ್ಯಾದೆ ಕಮ್ಮಿ ಆಗುತ್ತೆ? ನಮ್ಮ ಮನೆಯಲ್ಲಿ ಬಂದ ಉತ್ತರ ಮೂರೇ. ಕರೆಯುವ ಫೋನು, ಹೊಟ್ಟೆ ತುಂಬಾ ಊಟ, ಬಾಗಿಲಲ್ಲಿ ಮಾತಾಡಿಸೋ ಒಬ್ಬರು. ಉಳಿದದ್ದೆಲ್ಲ ಕಳೆಯೋಕೆ ಬರುತ್ತೆ.