ಚೀಟಿ ಇಲ್ಲದ ಬೋಲ್ಟು

ಪಟ್ಟಂದೂರು ಅಗ್ರಹಾರ ಮೆಟ್ರೊ ಸ್ಟೇಷನ್ನಿಂದ ಐಟಿಪಿಎಲ್ ಕಡೆ ನಡೆಯುವ ನಮಗೆ ತಲೆ ಮೇಲಿನ ವಿಮಾನದ ಸದ್ದು ಹೊಸದೇನಲ್ಲ, ಎಚ್‌ಎಎಲ್ ಹತ್ತಿರದಲ್ಲೇ ಇದೆ. ಆದರೆ ಎರಡು-ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಪುಟ್ಟ ವಿಮಾನ ನೋಡಬೇಕಂದ್ರೆ ಜಕ್ಕೂರಿಗೆ ಹೋಗಬೇಕು. ನನ್ನ ಚಿಕ್ಕಪ್ಪನ ಮಗ ಬೇರೆ ಊರಿನ ಹ್ಯಾಂಗರ್ ಒಂದರಲ್ಲಿ ಇಂಥ ವಿಮಾನಗಳನ್ನೇ ರಿಪೇರಿ ಮಾಡ್ತಾನೆ.

ಜೆ.ಸಿ. ರೋಡಿನಲ್ಲಿ ಬೈಕಿನ ಬ್ರೇಕ್ ಪ್ಯಾಡ್ ಕೇಳಿ ನೋಡಿ. "ಒರಿಜಿನಲ್ಲಾ, ಲೋಕಲ್ಲಾ?" ಅಂತಾರೆ. ಈ ಮಾತು ಹೇಳಿದಾಗ ಅವನು ನಕ್ಕ. "ಅಣ್ಣಾ, ಬೈಕ್ ಕೆಟ್ರೆ ಪಕ್ಕಕ್ಕೆ ನಿಲ್ಲಿಸ್ತೀಯ. ಮೇಲೆ ಪಕ್ಕ ಎಲ್ಲಿದೆ?"

ನಕಲಿ ಬೋಲ್ಟು ನೋಡಲು ಅಸಲಿಯಂತೆಯೇ ಇರುತ್ತೆ. ಅದೇ ಅಳತೆ, ಅದೇ ಹೊಳಪು, ತಲೆಯ ಮೇಲೆ ಅದೇ ಗುರುತು. ಒಳಗಿನ ಉಕ್ಕು ಮಾತ್ರ ಸರಿಯಾಗಿ ಹದಗೊಂಡಿರುವುದಿಲ್ಲ. ಕಂಪನ ತಿಂದೂ ತಿಂದೂ ಒಂದು ದಿನ ಬಿರುಕು ಬಿಡುತ್ತೆ. 1989ರ ಸೆಪ್ಟೆಂಬರ್ 8ರಂದು ಓಸ್ಲೋದಿಂದ ಹ್ಯಾಂಬರ್ಗ್‌ಗೆ ಹೊರಟ ಪಾರ್ಟ್‌ನೇರ್ ಕಂಪನಿಯ ವಿಮಾನ ಡೆನ್ಮಾರ್ಕ್ ಬಳಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 55 ಜನರೂ ಸತ್ತರು. ಬಾಲದ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ಕಳಪೆಯವು ಇದ್ದದ್ದು ತನಿಖೆಯಲ್ಲಿ ಗೊತ್ತಾಯಿತು. ದೊಡ್ಡ ವಿಮಾನದ ಕತೆಯೇ ಇದಾದರೆ, ಒಂದೇ ಎಂಜಿನ್ ನಂಬಿದ ಪುಟ್ಟ ವಿಮಾನದ ಪಾಡೇನು?

ಅದಕ್ಕೇ ವಿಮಾನದ ಪ್ರತಿ ಭಾಗದ ಜೊತೆ ಒಂದು ಚೀಟಿ ಬರಬೇಕು. ಯಾರು ಮಾಡಿದ್ದು, ಪಾರ್ಟ್ ನಂಬರ್ ಏನು, ಯಾರು ಸಹಿ ಹಾಕಿದ್ದು ಎಲ್ಲ ಅದರಲ್ಲಿ ಇರುತ್ತೆ. ನಮ್ಮ ಡಿಜಿಸಿಎಯ ಸಿಎ ಫಾರಂ 1, ಯುರೋಪಿನವರ ಈಸಾ ಫಾರಂ 1, ಎಲ್ಲದರ ಕೆಲಸ ಅದೇ.

ಚೀಟಿಯೂ ನಕಲಿಯಾಗಬಹುದು. 2023ರಲ್ಲಿ ಬಯಲಾದ ಲಂಡನ್ನಿನ ಎಒಜಿ ಟೆಕ್ನಿಕ್ಸ್ ಪ್ರಕರಣ ಅಂಥದ್ದು. ಬೋಯಿಂಗ್ 737, ಏರ್‌ಬಸ್ 320ಗಳಲ್ಲಿ ಬಳಸುವ ಸಿಎಫ್ಎಂ56 ಎಂಜಿನ್ನಿನ ಭಾಗಗಳು ಸುಳ್ಳು ಕಾಗದದೊಂದಿಗೆ ಮಾರಾಟವಾಗಿದ್ದವು. ಹೊಸದು ಅಂತ ಬಂದ ಭಾಗ ಹಳೆಯದರಂತೆ ಕಂಡದ್ದರಿಂದ ಪೋರ್ಚುಗಲ್ಲಿನ ಎಂಜಿನಿಯರ್‌ಗಳಿಗೆ ಅನುಮಾನ ಬಂತು. ಅವರು ತಯಾರಕರನ್ನೇ ಕೇಳಿದರು.

ಕೇಳುವುದು ಸುಲಭವಲ್ಲ. ಒಮ್ಮೆ ತಮ್ಮನ ಕೈಗೆ ಚೀಟಿ ಇಲ್ಲದ ಬೋಲ್ಟುಗಳು ಬಂದವಂತೆ. "ಅಳತೆ ಸರಿ ಇದೆಯಲ್ಲ, ಹಾಕಪ್ಪ" ಅಂದರು ಮೇಲಿನವರು. ಅವನು ಸಹಿ ಹಾಕಲಿಲ್ಲ. ವಿಮಾನ ಹನ್ನೊಂದು ದಿನ ನಿಂತೇ ಇತ್ತು. ಸಾಲ ಮಾಡಿ ಪೈಲಟ್ ಆಗಲು ಬಂದಿದ್ದ ಹುಡುಗಿಗೆ ಹಾರಾಟದ ಗಂಟೆಗಳು ಕೈತಪ್ಪಿದವು. ಅವಳು ಇವನ ಜೊತೆ ಮಾತು ಬಿಟ್ಟಳು.

"ಆ ಬೋಲ್ಟು ಚೆನ್ನಾಗೇ ಇದ್ದಿರಬಹುದಲ್ವಾ?" ಅಂತ ಕೇಳಿದೆ.

"ಇರಬಹುದು. ನಂಗೆ ಯಾವತ್ತೂ ಗೊತ್ತಾಗಲ್ಲ."

ಇಂಥ ಕೆಲಸಕ್ಕೆ ಶಹಭಾಸ್ ಸಿಗೋದಿಲ್ಲ. ಅಪಘಾತ ಆಗಲಿಲ್ಲ ಅನ್ನೋದನ್ನ ಯಾರೂ ಸುದ್ದಿ ಮಾಡಲ್ಲ. ಆ ಹುಡುಗಿ ಆಮೇಲೆ ಒಬ್ಬಳೇ ಹಾರಿ, ಕ್ಷೇಮವಾಗಿ ಇಳಿದಳು. ಅವತ್ತೂ ಇವನನ್ನು ಮಾತಾಡಿಸಲಿಲ್ಲವಂತೆ.