ಸೀರೆಯ ಮಡಿಕೆಯೂ ಬೆಂಕಿ ಗಾಡಿಯ ಪೈಪೂ

ನಿಮ್ಮ ಅಡುಗೆಮನೆಯ ಗ್ಯಾಸ್ ಟ್ಯೂಬನ್ನು ಬದಲಾಯಿಸಿ ಎಷ್ಟು ವರ್ಷವಾಯಿತು, ಹೇಳಿ ನೋಡೋಣ? ನೆನಪಾಗುತ್ತಿಲ್ಲ, ಅಲ್ಲವೇ? ನಾಚಿಕೆ ಬೇಡಿ. ಕಳೆದ ಏಪ್ರಿಲ್‌ವರೆಗೆ ನನಗೂ ನೆನಪಿರಲಿಲ್ಲ. ನಾನೇನೂ ಹೆಚ್ಚು ಓದಿದವಳಲ್ಲ; ಎಸ್.ಎಸ್.ಎಲ್.ಸಿ. ಮುಗಿಸಿ ಮಂಡ್ಯಕ್ಕೆ ಸೊಸೆಯಾಗಿ ಬಂದವಳು. ಆದರೂ ಒಂದು ವಿಷಯ ನಿಮಗೆ ಹೇಳಲೇಬೇಕು ಅನ್ನಿಸಿದೆ. ಹೇಳಿದರೆ ನನ್ನ ಮನಸ್ಸೂ ಸ್ವಲ್ಪ ಹಗುರಾದೀತು.

ನನ್ನ ತವರು ಮಳವಳ್ಳಿ ಕಡೆಯ ಒಂದು ಹಳ್ಳಿ. ಸಂಕ್ರಾಂತಿಗೆ ಹೋದವಳು ವಾರ ಅಲ್ಲೇ ಉಳಿದೆ. ಹುರುಳಿ ಒಕ್ಕಣೆಯ ಕಾಲ. ಹಿಂದೆಲ್ಲ ಸಗಣಿ ಸಾರಿಸಿದ ಕಣ, ಎತ್ತು, ಗುಂಡು ಇರುತ್ತಿದ್ದವು. ಈಗ ನಮ್ಮ ಮನೆಯಲ್ಲಿ ಎತ್ತೂ ಇಲ್ಲ, ಕಣವೂ ಇಲ್ಲ. ಡಾಂಬರು ರಸ್ತೆಯೇ ಕಣ. ಹರಡಿಬಿಟ್ಟರೆ ಬಸ್ಸು, ಲಾರಿಗಳು ಪುಕ್ಕಟೆ ಒಕ್ಕಿಕೊಡುತ್ತವೆ. ಅತ್ತಿಗೆಯೂ ನಾನೂ ಬೆಳಿಗ್ಗೆಯೇ ಊರ ಬಾಗಿಲಲ್ಲಿ ದಪ್ಪಗೆ ಹುರುಳಿ ಹರಡಿ, ಬದಿಗೆ ಕಲ್ಲಿಟ್ಟು ಬಂದೆವು.

ಮಧ್ಯಾಹ್ನ ಮುದ್ದೆ ತಿರುವುತ್ತಿದ್ದಾಗ "ಬೆಂಕಿ, ಬೆಂಕಿ" ಎಂಬ ಕೂಗು. ನಾಲ್ಕು ಮನೆ ಆಚೆ, ಗಂಡನಿಲ್ಲದ ಒಬ್ಬಾಕೆಯ ಹುಲ್ಲಿನ ಮೆದೆ ಹತ್ತಿಕೊಂಡಿತ್ತು. ಎರಡು ಮೆದೆ, ಮೂರು ಹಸು. ಡೇರಿಗೆ ಹಾಕುವ ಹಾಲೇ ಆಕೆಯ ಜೀವನ. ಬಿಂದಿಗೆ ನೀರು ಎರಚಿದರೆ ಆ ಉರಿ ಕೇಳುತ್ತದೆಯೇ? ಅಣ್ಣನ ಮಗ ಫೋನ್ ಮಾಡಿದ. ಗಾಡಿ ನಾವು ನೆನೆಸಿದ್ದಕ್ಕಿಂತ ಬೇಗನೇ ಬಂತು. ಸೈರನ್ ಸದ್ದು ಹತ್ತಿರವಾಯಿತು, ಆಮೇಲೆ ಊರ ಬಾಗಿಲಲ್ಲೇ ನಿಂತುಹೋಯಿತು.

ಓಡಿ ಹೋಗಿ ನೋಡಿದರೆ, ನಮ್ಮ ಹುರುಳಿ! ಒಣ ಬಳ್ಳಿ ಗಾಡಿಯ ಅಡಿಯಲ್ಲಿ ಸುತ್ತಿಕೊಂಡರೆ ಸೈಲೆನ್ಸರಿನ ಬಿಸಿಗೆ ಗಾಡಿಗೇ ಬೆಂಕಿ. ಹೀಗೆ ಉರಿದುಹೋದ ಕಾರುಗಳ ಸುದ್ದಿಯನ್ನು ನೀವೂ ಓದಿರುತ್ತೀರಿ. ಸಿಬ್ಬಂದಿ ಇಳಿದು ಕೈಯಲ್ಲೇ ಬಾಚತೊಡಗಿದರು. ನಾವೂ ಸೇರಿಕೊಂಡೆವು. ಹತ್ತು ನಿಮಿಷವಾಯಿತೇನೋ. ಅಷ್ಟರಲ್ಲಿ ಗಾಳಿ ತಿರುಗಿ ಎರಡನೆಯ ಮೆದೆಯೂ ಹೋಯಿತು. ಕೊಟ್ಟಿಗೆ ಉಳಿಯಿತು, ಹಸುಗಳು ಉಳಿದವು. ವರ್ಷದ ಮೇವು ಉಳಿಯಲಿಲ್ಲ. ಅಣ್ಣ ಒಂದು ಗಾಡಿ ಹುಲ್ಲು ಕೊಟ್ಟ. ಆದರೂ ಆಕೆ ಒಂದು ಹಸು ಮಾರಬೇಕಾಯಿತು. ನಮಗೆ ಒಂದೇ ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಏಪ್ರಿಲ್‌ನಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ ಬರುತ್ತದೆ, 14ರಿಂದ 20ರವರೆಗೆ. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಮಂದಿ ಸಿಬ್ಬಂದಿ ಪ್ರಾಣ ಬಿಟ್ಟರು. ಅವರ ನೆನಪಿಗೆ ಈ ದಿನ. ಮಗಳು ಠಾಣೆ ನೋಡಬೇಕೆಂದಳು, ನಾನೂ ಹೋದೆ. ನಿಜ ಹೇಳಲೇ? ಬೆಂಕಿ ಇಲ್ಲದ ದಿನ ಇವರಿಗೇನು ಕೆಲಸ, ಕೂತಿರುತ್ತಾರೆ ಅಂದುಕೊಂಡಿದ್ದೆ.

ಅಲ್ಲಿ ನೋಡಿದ್ದು ನಮ್ಮದೇ ಮನೆಗೆಲಸ! ಬಳಸಿದ ಪೈಪನ್ನು ತೊಳೆದು, ತೂಗುಹಾಕಿ ಒಣಗಿಸುತ್ತಾರೆ. ಒದ್ದೆಯಾಗಿ ಸುತ್ತಿಟ್ಟರೆ ಬೂಷ್ಟು ಹಿಡಿದು ಹೆಣಿಗೆ ಕೊಳೆಯುತ್ತದೆ. ಒಂದೇ ಮಡಿಕೆಯಲ್ಲಿ ಬಹಳ ದಿನ ಇಡುವಂತಿಲ್ಲ, ಮಡಿಕೆಯ ಜಾಗದಲ್ಲೇ ಬಿರಿಯುತ್ತದೆ. ರೇಷ್ಮೆ ಸೀರೆಯ ಮಡಿಕೆ ನಾವು ಬದಲಾಯಿಸಿ ಇಡುವುದಿಲ್ಲವೇ, ಹಾಗೆಯೇ. ಒಂದೊಂದು ಪೈಪು ಸಾಮಾನ್ಯವಾಗಿ 15 ಮೀಟರ್. ಒಂದಕ್ಕೊಂದು ಸಿಕ್ಕಿಸುವ ಹಿತ್ತಾಳೆ ಬಾಯಿಗಳಲ್ಲಿ ಮಣ್ಣು ಕೂತರೆ ಹೊತ್ತಿಗೆ ಸರಿಯಾಗಿ ಕೂಡುವುದಿಲ್ಲ.

ದೊಡ್ಡ ಗಾಡಿಯ ಟ್ಯಾಂಕಿನಲ್ಲಿ ಸುಮಾರು 4,500 ಲೀಟರ್ ನೀರು. ನಮಗೆ ಸಮುದ್ರ, ಬೆಂಕಿಯ ಮುಂದೆ ಕೆಲವೇ ನಿಮಿಷದ್ದು. ಆಮೇಲೆ ಕೆರೆಗೋ ನಾಲೆಗೋ ಪೈಪು ಇಳಿಸಿ ಎಳೆಯಬೇಕು. ಪಂಪು ಮೊದಲು ಪೈಪಿನ ಗಾಳಿ ತೆಗೆದರೇ ನೀರು ಮೇಲೇರುವುದು. ಎಲ್ಲೋ ಒಂದು ವಾಷರ್ ಒಣಗಿ ಗಾಳಿ ನುಗ್ಗಿತೋ, ಮುಗಿಯಿತು. ಗ್ಯಾಸ್ಕೆಟ್ ಹಾಳಾದ ಕುಕ್ಕರು ಸೀಟಿ ಹೊಡೆಯುತ್ತದೆಯೇ? ಕೆರೆಯ ನೀರು ಎಳೆದ ಮೇಲೆ ಪಂಪಿಗೆ ಒಳ್ಳೆಯ ನೀರು ಹರಿಸಿ ಕೆಸರು ತೊಳೆಯಬೇಕು. ಬ್ರೇಕು ಗಾಳಿಯ ಒತ್ತಡದ್ದು. ಒತ್ತಡ ಇಳಿದಿದ್ದರೆ ಗಾಡಿ ಕದಲುವುದಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ ಬ್ಯಾಟರಿ, ಟೈರು, ಡೀಸೆಲ್, ಏಣಿ, ಹಗ್ಗ ಎಲ್ಲವನ್ನೂ ನೋಡುತ್ತಾರೆ.

"ದಿನಾ ಬೇಕಾ ಇದೆಲ್ಲಾ?" ಅಂದೆ.

ಒಬ್ಬ ಹಿರಿಯರು ನಕ್ಕು, "ನೆಂಟ್ರು ಬಾಗ್ಲಲ್ಲಿ ನಿಂತ್ಮೇಲೆ ಪಾತ್ರೆ ಉಜ್ತೀರೇನಮ್ಮಾ?" ಅಂದರು.

ನಾನು ಅವರಿಗೆ ಹುರುಳಿಯ ಕತೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಗಾಡೀನ ನಾವು ರೆಡಿ ಇಡ್ತೀವಿ, ದಾರೀನ ನೀವು ರೆಡಿ ಇಡಿ" ಅಂದರು, ಅಷ್ಟೇ.

ಮನೆಗೆ ಬಂದು ಗ್ಯಾಸ್ ಟ್ಯೂಬ್ ನೋಡಿದೆ. ಅದರ ಮೇಲೆ ಇಸವಿ ಅಚ್ಚಾಗಿರುತ್ತದೆ. ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕಾದದ್ದು, ನಮ್ಮದಕ್ಕೆ ಎಂಟಾಗಿತ್ತು. ಬಗ್ಗಿಸಿದರೆ ಸಣ್ಣ ಬಿರುಕು. ಎಂಟು ವರ್ಷ ದಿನಾ ಒಲೆ ಒರೆಸಿದ್ದೇನೆ, ಅದರ ಹಿಂದಕ್ಕೆ ಕಣ್ಣು ಹಾಯಿಸಿರಲಿಲ್ಲ. ಅಂದೇ ಬದಲಾಯಿಸಿದೆವು.

ನೀವೂ ಇಂದೇ ನೋಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ ಬಾಗಿಲು, ಕಿಟಕಿ ತೆಗೆಯಿರಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬಾಣಲೆಯ ಎಣ್ಣೆ ಹತ್ತಿಕೊಂಡರೆ ನೀರು ಹಾಕಲೇಬೇಡಿ; ಒಲೆ ಆರಿಸಿ ತಟ್ಟೆ ಮುಚ್ಚಿ. ಬೆಂಕಿ ದೊಡ್ಡದಾದರೆ 101 ಅಥವಾ 112. ಊರ ಹೆಸರಿನ ಜೊತೆಗೆ ಗಾಡಿ ಬರುವ ದಾರಿಯನ್ನೂ ಹೇಳಿ.

ನಮ್ಮ ತವರಲ್ಲಿ ಇನ್ನು ಮುಂದೆ ಹುರುಳಿ ರಸ್ತೆಗೆ ಬರುವುದಿಲ್ಲ. ಹೊಲದಲ್ಲೇ ಟಾರ್ಪಾಲು ಹಾಸಿ ಬಡಿಯುವುದೆಂದು ಅತ್ತಿಗೆ ಒಪ್ಪಿದ್ದಾಳೆ. ಎರಡು ದಿನ ಹೆಚ್ಚು ಕೆಲಸ, ರಟ್ಟೆ ನೋವು. ಇರಲಿ. ಒಕ್ಕಣೆಗೆ ನಾನೂ ಹೋಗುತ್ತೇನೆ. ಮೊದಲ ಸೇರು ಕಾಳನ್ನು ಆಕೆಯ ಮನೆಗೆ ನಾನೇ ಕೊಟ್ಟು ಬರಬೇಕು. ಆಗಲಾದರೂ ಆಕೆ ನನ್ನನ್ನು ಎರಡು ಮಾತು ಬೈದರೆ ಸಾಕು.