ಕುದುರೆಮುಖವೂ ತುರ್ತುಪರಿಸ್ಥಿತಿಯೂ

1975ನೆಯ ಇಸವಿ ಜೂನ್ 25ರಿಂದ 1977ರ ಮಾರ್ಚಿ 21ರ ವರೆಗೆ ದೇಶದಲ್ಲಿ ನಡೆದ ತುರ್ತುಪರಿಸ್ಥಿತಿಯ ಆಡಳಿತವನ್ನು ಕುರಿತು ನಮ್ಮ ಗೆಂಡೆಹಳ್ಳಿಯ ಕಡೆಯ ಹಿರಿಯರಲ್ಲಿ ಒಂದು ಮಾತು ಇಂದಿಗೂ ಬಳಕೆಯಲ್ಲಿರುವುದು. ಆಗ ಕಚೇರಿಗಳಲ್ಲಿ ಕೆಲಸವಾಗುತ್ತಿತ್ತು, ರೈಲು ಹೊತ್ತಿಗೆ ಬರುತ್ತಿತ್ತು, ಉಳುವವನಿಗೆ ಹೊಲ ದಕ್ಕಿತು. ಬಾಯಿ ಮುಚ್ಚಿಸಿದರೇನು, ದೇಶ ಬೆಳೆಯಿತಲ್ಲ! ಈ ಮಾತನ್ನು ಹಗುರವಾಗಿ ತಳ್ಳಿಹಾಕತಕ್ಕುದಲ್ಲ. ಗೇಣಿದಾರನಾಗಿದ್ದು ಒಡೆಯನಾದವನಿಗೆ ಪತ್ರಿಕಾಸ್ವಾತಂತ್ರ್ಯದ ಚಿಂತೆಯು ಎರಡನೆಯದಾದರೆ ಆಶ್ಚರ್ಯವೇನು?

ಆದರೆ ಇದರಲ್ಲಿ ಕಾಕತಾಳೀಯ ನ್ಯಾಯವು ಸ್ವಲ್ಪ ಸೇರಿಕೊಂಡಿದೆ. ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದುದು 1974ರ ಮಾರ್ಚಿ 1ರಂದು. ಎಂದರೆ, ತುರ್ತುಪರಿಸ್ಥಿತಿಗಿಂತ ಹದಿನೈದು ತಿಂಗಳಿಗೂ ಹಿಂದೆ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ನಂಟು ಕಟ್ಟಬಾರದು. ಜೀತವಿಮುಕ್ತಿಯ ಮತ್ತು ಋಣಪರಿಹಾರದ ಕಾನೂನುಗಳು ಮಾತ್ರ 1976ರವು. ಅವುಗಳ ಪುಣ್ಯವನ್ನು ಆ ಕಾಲದ ಲೆಕ್ಕಕ್ಕೇ ಬರೆಯೋಣ.

ಪರಿಸರದ ಲೆಕ್ಕವನ್ನು ನೋಡಬೇಕಾದರೆ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖಕ್ಕೆ ಹೋಗಬೇಕು. ಅಲ್ಲಿಯ ಕಬ್ಬಿಣದ ಅದಿರಿನ ಕಂಪೆನಿಯು ಸ್ಥಾಪಿತವಾದುದು 1976ರ ಏಪ್ರಿಲ್ 2ರಂದು. ಇರಾನಿನ ಷಾ ದೊರೆಯು ತನ್ನ ಉಕ್ಕಿನ ಕಾರ್ಖಾನೆಗಳಿಗಾಗಿ 63 ಕೋಟಿ ಡಾಲರುಗಳ ಸಾಲಕ್ಕೆ ಒಪ್ಪಿದ್ದನು. ವರ್ಷಕ್ಕೆ 75 ಲಕ್ಷ ಟನ್ನು; ಗುಡ್ಡವನ್ನು ಅಗೆದು, ಅದಿರನ್ನು ಹಿಟ್ಟಾಗಿಸಿ, ನೀರಿನೊಡನೆ ಕೊಳವೆಯಲ್ಲಿ ಘಟ್ಟವಿಳಿಸಿ ಮಂಗಳೂರಿಗೆ ಕಳುಹಿಸುವುದೆಂದು ಏರ್ಪಾಡು. ಮಳೆಯೋ ಅಲ್ಲಿ ವಿಪರೀತ. ಪಕ್ಕದಲ್ಲೇ ಹರಿಯುವವಳು ಭದ್ರೆ. ಅಗೆದ ಮಣ್ಣು ಎಲ್ಲಿಗೆ ಹೋದೀತೆಂದು ಊಹಿಸಲು ಶಾಸ್ತ್ರಜ್ಞಾನವು ಬೇಕಾಗಿರಲಿಲ್ಲ, ಒಬ್ಬ ರೈತನು ಸಾಕಾಗಿದ್ದನು. ಆದರೆ ಅವನ ಮಾತನ್ನು ಅಚ್ಚುಮಾಡಬೇಕಾದ ಪತ್ರಿಕೆಗೆ ಸೆನ್ಸಾರು, ಸಭೆಯಲ್ಲಿ ಎತ್ತಬೇಕಾದವರಲ್ಲಿ ಅನೇಕರಿಗೆ ಸೆರೆಮನೆ. ಅದೇ ತಿಂಗಳ 28ರಂದು, ಬಂಧಿತನು ತನ್ನ ಬಿಡುಗಡೆಗಾಗಿ ನ್ಯಾಯಾಲಯದ ಮೊರೆಹೋಗಲಾರನೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು, ಐವರಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಾಭಿಪ್ರಾಯವನ್ನಿತ್ತರು.

1979ರಲ್ಲಿ ಷಾ ದೊರೆಯ ಪ್ರಭುತ್ವವೇ ಉರುಳಿತು. ಸಾಲವೂ ನಿಂತಿತು, ಕೊಳ್ಳುವವನೂ ಇಲ್ಲವಾದನು. ಅಗೆದ ಬೆಟ್ಟ ಮಾತ್ರ ನಮಗುಳಿಯಿತು.

ವಿಚಿತ್ರವೇನೆಂದರೆ, ಅರಣ್ಯವನ್ನೂ ವನ್ಯಜೀವಿಗಳನ್ನೂ ರಕ್ಷಿಸುವುದು ರಾಜ್ಯದ ಹೊಣೆಯೆಂಬ 48ಎ ವಿಧಿಯನ್ನು, ಅದು ಪ್ರಜೆಯ ಕರ್ತವ್ಯವೂ ಹೌದೆಂಬ 51ಎ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದುದು ಅದೇ ಸರ್ಕಾರದ 1976ರ 42ನೆಯ ತಿದ್ದುಪಡಿ. ನ್ಯಾಯಾಲಯಗಳ ಕೈಕಟ್ಟಲು ಹೊರಟುದೂ ಅದೇ ತಿದ್ದುಪಡಿಯೇ. ನದಿಯನ್ನು ಕಾಪಾಡೆಂದು ವಿಧಿಸಿ, ನದಿಗಾಗಿ ಬಾಯಿತೆರೆದವನ ಗತಿಯನ್ನು ಪೊಲೀಸರಿಗೆ ಬಿಟ್ಟಂತಾಯಿತು. ಆ ಅಕ್ಷರಗಳಿಗೆ ಜೀವ ಬಂದುದು ಬಹುಕಾಲದ ಮೇಲೆ. ಕೊಡಗಿನ ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು 48ಎ ವಿಧಿಯನ್ನು ನೆನೆದು, 2005ರ ಕೊನೆಗೆ ಗಣಿಯು ನಿಲ್ಲತಕ್ಕುದೆಂದು ಆಜ್ಞಾಪಿಸಿತು.

ಚುನಾಯಿತ ಸರ್ಕಾರಗಳೂ ನಡುವಿನ ಕಾಲುಶತಮಾನಕ್ಕೂ ಮಿಕ್ಕ ಕಾಲ ಆ ಗಣಿಯನ್ನು ನಡೆಸಿದುವಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ನಡೆಸಿದುವು, ನಿಜ, ಕುದುರೆಮುಖದ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದ ಮೇಲೂ ನಡೆಸಿದುವು. ಆದರೂ ಸೆರೆಗೆ ಹೋಗುವ ಭಯವಿಲ್ಲದೆ ಒಬ್ಬ ನಿವೃತ್ತನು ಅರ್ಜಿ ಹಾಕಿ ಅದನ್ನು ನಿಲ್ಲಿಸುವ ದಾರಿಯೊಂದು ಆ ವೇಳೆಗೆ ತೆರೆದಿತ್ತು. 1976ರಲ್ಲಿ ಅದು ಮುಚ್ಚಿತ್ತು. ಗಣಿಯ ಕೆಸರನ್ನು ತಡೆಯಲೆಂದು ಕಟ್ಟಿದ ಲಕ್ಯಾ ಅಣೆಕಟ್ಟಿನ ಹಿಂದೆ ಆ ಕೆಸರು ಇಂದಿಗೂ ತುಂಬಿಕೊಂಡಿದೆ. ಪ್ರತಿ ಮುಂಗಾರಿನಲ್ಲೂ ಅದರ ಮೇಲೆ ಮಳೆ ಸುರಿಯುತ್ತಿದೆ.